ಬೆನ್ನುಕೊಬ್ಬಿನ ಮೀಥೈಲೇಶನ್: ಇಡೀ ಜೀನೋಮ್ ಓದಿಸದೆ ಗೆದ್ದದ್ದು

ಹಂದಿಯ ಬೆನ್ನುಕೊಬ್ಬಿನ ಮೀಥೈಲೇಶನ್, ಅಂದರೆ ಡಿಎನ್‌ಎಯ ಸಿ ಅಕ್ಷರಕ್ಕೆ ಅಂಟಿ ಜೀನ್‌ಗಳ ಕೆಲಸ ಹೆಚ್ಚುಕಡಿಮೆ ಮಾಡುವ ಮೀಥೈಲ್ ಗುರುತು, ಅಳೆಯಲು ಹೊರಟಿದ್ದೆ. ಕೊಬ್ಬಿನಲ್ಲಿ ಬರೀ ಗದ್ದಲ (ಅರ್ಥವಿಲ್ಲದ ಏರಿಳಿತ), ಇಡೀ ಜೀನೋಮ್ (ಪೂರ್ತಿ ಡಿಎನ್‌ಎ) ಓದಿಸದಿದ್ದರೆ ಏನೂ ಕಾಣಿಸದು ಎಂದವರೇ ಜಾಸ್ತಿ. ಹಂದಿಯ ಜೀನೋಮ್ ಸುಮಾರು 250 ಕೋಟಿ ಅಕ್ಷರ. ಅದನ್ನು ಮೂವತ್ತು ಪಟ್ಟು ಆಳದಲ್ಲಿ (ಪ್ರತಿ ಅಕ್ಷರವನ್ನು ಸರಾಸರಿ ಮೂವತ್ತು ಸಲ) ಓದಿಸಲು ನಾಲ್ಕೈದು ಮಾದರಿಗೆ ಬೇಕಾಗುವ ಹಣದಲ್ಲಿ ನಾನು ಜೀನೋಮಿನ ಹತ್ತು ಹನ್ನೆರಡು ಜಾಗಗಳನ್ನಷ್ಟೇ ಅರವತ್ತು ಚಿಲ್ಲರೆ ಮರಿಗಳಲ್ಲಿ ಮುಗಿಸಿದೆ. ಮೂರು ಸಲ ಮಾಡಿದರೂ ಅದೇ ಉತ್ತರ.

ಮೊದಲು ಹಾಳಾದದ್ದು ಡಿಎನ್‌ಎ ಬೇರ್ಪಡಿಸುವ ಕಿಟ್‌ಗಳು. ಸ್ನಾಯುವಿಗೆ 25 ಮಿಲಿಗ್ರಾಂ ಸಾಕು ಅಂತ ಕೊಬ್ಬಿಗೂ ಅಷ್ಟೇ ಹಾಕಿದ್ದೆ. ಕೊಬ್ಬಿನ ಕೋಶದ ತುಂಬ ಎಣ್ಣೆಯೇ, ಡಿಎನ್‌ಎ ಎಲ್ಲಿಂದ ಬರಬೇಕು? ಈಗ ದ್ರವ ಸಾರಜನಕದಲ್ಲಿ ಅರೆದ 200 ಮಿಲಿಗ್ರಾಂ. ಲೈಸಿಸ್ (ಕೋಶ ಒಡೆಯುವುದು) ಆದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತೇಲಿದ ಎಣ್ಣೆಯ ಕೆಳಗಿನಿಂದ ಎಳೆದುಕೊಳ್ಳುವುದು. ಹೀಗೆ ಎರಡು ಸಲ. ಎಣ್ಣೆ ಗಟ್ಟಿಯಾಗಲಿ ಎಂದು 4 ಡಿಗ್ರಿಗೆ ಇಳಿಸುವ ಮುನ್ನ ದ್ರವದಲ್ಲಿ ಎಸ್‌ಡಿಎಸ್ (ಕೋಶ ಒಡೆಯುವ, ಸಾಬೂನಿನಂಥ ವಸ್ತು) ಇದೆಯೇ ನೋಡಿ. ಇದ್ದರೆ ಅದೂ ಹರಳಾಗಿ ಕಾಲಮ್ (ಡಿಎನ್‌ಎ ಹಿಡಿಯುವ ಸೋಸು ನಳಿಕೆ) ಕಟ್ಟಿಕೊಳ್ಳುತ್ತದೆ. ಎಂಟು ಕಾಲಮ್ ಹೋದ ಮೇಲೆ ಹೊಳೆದದ್ದು ಇದು.

ಗದ್ದಲ ಬಂದದ್ದು ಎರಡು ಕಡೆಯಿಂದ. ಬೆನ್ನುಕೊಬ್ಬು ಒಂದೇ ಪದರವಲ್ಲ. ಹೊರ ಪದರ, ಒಳ ಪದರಗಳ ನಡುವೆ ತೆಳು ಪೊರೆ ಇದೆ, ಎರಡೂ ಬೆಳೆಯುವ ರೀತಿ ಬೇರೆ. ಕೊನೆಯ ಪಕ್ಕೆಲುಬಿನ ಮೇಲೆ ಕೊಯ್ದು ಪೊರೆಯ ಉದ್ದಕ್ಕೂ ಬಿಡಿಸಿ, ಒಂದೇ ಪದರ ಇಟ್ಟುಕೊಳ್ಳಿ. ಎರಡನೆಯದು ಕೋಶಗಳ ಬೆರಕೆ. ರಕ್ತನಾಳದ ಕೋಶ, ರೋಗನಿರೋಧಕ ಕೋಶ, ಎಳೆಯ ಕೊಬ್ಬುಕೋಶ ಎಲ್ಲವೂ ತುಂಡಿನಲ್ಲಿ ಇರುತ್ತವೆ. ಅವುಗಳ ಪಾಲು ಬದಲಾದರೂ ಮೀಥೈಲೇಶನ್ ಬದಲಾದಂತೆ ತೋರುತ್ತದೆ. ಹಾಗಾಗಿ ಕೋಶಗಳನ್ನು ಬಿಡಿಸಲು ಕೊಲಾಜಿನೇಸ್ ಎಂಬ ಕಿಣ್ವ, ಮಿಲಿಲೀಟರಿಗೆ 1 ಮಿಲಿಗ್ರಾಂ, ಜೊತೆಗೆ ಶೇ 2 ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್), 37 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಮೆಲ್ಲಗೆ ಅಲುಗಾಟ. ಸೋಸಿ, ನಿಧಾನವಾಗಿ ತಿರುಗಿಸಿದರೆ ಬಲಿತ ಕೊಬ್ಬುಕೋಶ ತೇಲುತ್ತದೆ, ಉಳಿದದ್ದು ತಳ ಸೇರುತ್ತದೆ. ತುದಿ ಕತ್ತರಿಸಿದ ಪಿಪೆಟ್ ಟಿಪ್ ಬಳಸದಿದ್ದರೆ ಕೋಶ ಒಡೆದು ಎಣ್ಣೆಯಷ್ಟೇ ಕೈಗೆ ಬರುತ್ತದೆ. 

ಮೀಥೈಲ್ ಅಳೆಯುವುದು ಬೈಸಲ್ಫೈಟ್‌ನಿಂದ: ಆ ರಾಸಾಯನಿಕ ಮೀಥೈಲ್ ಇಲ್ಲದ ಸಿ ಅಕ್ಷರವನ್ನು ಯುರಾಸಿಲ್ ಮಾಡುತ್ತದೆ, ಓದಿದಾಗ ಅದು ಟಿ ಎಂದು ಕಾಣುತ್ತದೆ; ಮೀಥೈಲ್ ಇರುವ ಸಿ ಹಾಗೇ ಉಳಿಯುತ್ತದೆ. ಬೇಕಾದ ತುಣುಕನ್ನು ಹಿಡಿಯುವ ಪ್ರೈಮರ್ ಒಳಗೆ ಸಿಪಿಜಿ (ಸಿ ಆದ ಮೇಲೆ ಜಿ ಬರುವ ಜಾಗ, ಮೀಥೈಲ್ ಕೂರುವುದು ಮುಖ್ಯವಾಗಿ ಅಲ್ಲೇ) ಬರಕೂಡದು, ತುಣುಕು 200 ಅಕ್ಷರದ ಆಸುಪಾಸು, ನಕಲು ತೆಗೆಯಲು ಯುರಾಸಿಲ್ ಕಂಡರೆ ನಿಲ್ಲದ ಪಾಲಿಮರೇಸ್ ಕಿಣ್ವ. ಆದರೆ ಲೆಕ್ಕ ಮರೆಯಬೇಡಿ: 10 ನ್ಯಾನೊಗ್ರಾಂ ಡಿಎನ್‌ಎಯಲ್ಲಿ ಇರುವುದೇ ಜೀನೋಮಿನ ಮೂರೂವರೆ ಸಾವಿರ ಪ್ರತಿ. ಹತ್ತರಲ್ಲಿ ಒಂಬತ್ತು ಪಾಲು ಬೈಸಲ್ಫೈಟ್‌ನಲ್ಲಿ ಮುರಿದರೆ ಮುನ್ನೂರೈವತ್ತು ಉಳಿದಾವು. ಅದರ ಮೇಲೆ ಐವತ್ತು ಸಾವಿರ ರೀಡ್ (ಯಂತ್ರದ ಓದು) ತೆಗೆಸುವುದು, ಅವೇ ಪ್ರತಿಗಳನ್ನು ಮತ್ತೆ ಮತ್ತೆ ಓದಿಸುವುದು, ದುಡ್ಡು ಸುಟ್ಟಂತೆ. ನಾನು 400 ನ್ಯಾನೊಗ್ರಾಂ ಹಾಕಿ ರೀಡ್ ಇಳಿಸಿದೆ. ಖರ್ಚೂ ಇಳಿಯಿತು, ಮರುಪರೀಕ್ಷೆಯಲ್ಲಿ ಅಂಕಿ ಕುಣಿಯುವುದೂ ನಿಂತಿತು. ಬೈಸಲ್ಫೈಟ್ ಕೆಲಸ ಮಾಡಿತೇ ತಿಳಿಯಲು, ಮೀಥೈಲ್ ಇಲ್ಲದ ಲ್ಯಾಂಬ್ಡಾ (ಒಂದು ವೈರಸ್) ಡಿಎನ್‌ಎಯನ್ನು ಪ್ರತಿ ಬ್ಯಾಚಿಗೂ ಬೆರೆಸುತ್ತೇನೆ. ಅದರ ಪರಿವರ್ತನೆ ಶೇ 99ಕ್ಕಿಂತ ಕೆಳಗಿಳಿದರೆ ಆ ಬ್ಯಾಚ್ ಕಸದ ಬುಟ್ಟಿಗೆ.

ಸ್ನಾಯುವಿನಲ್ಲಿ ನನ್ನನ್ನು ಮೋಸಗೊಳಿಸಿದ್ದು ಐಜಿಎಫ್2 ಎಂಬ ಬೆಳವಣಿಗೆಯ ಜೀನ್. ಅದರ ಮೂರನೇ ಇಂಟ್ರಾನಿನ (ಪ್ರೋಟೀನಿಗೆ ಸಂಕೇತ ಕೊಡದ ಭಾಗ) 3072ನೇ ಜಾಗದಲ್ಲಿ ಜಿ ಹೋಗಿ ಎ ಬಂದರೆ ಜ಼ಡ್‌ಬೆಡ್6 ಎಂಬ, ಆ ಜೀನನ್ನು ತಗ್ಗಿಸುವ ಪ್ರೋಟೀನ್ ಅಲ್ಲಿ ಕೂರುವುದಿಲ್ಲ, ಸ್ನಾಯು ಹೆಚ್ಚುತ್ತದೆ. ಆ ಬದಲಾವಣೆ ಸಿಪಿಜಿಯನ್ನೇ ಅಳಿಸಿಹಾಕುತ್ತದೆ, ಬೈಸಲ್ಫೈಟ್ ಕಣ್ಣಿಗೆ ಅದು ಮೀಥೈಲ್ ಇಲ್ಲದ ಜಾಗ! ಜೀನೋಟೈಪ್ (ಯಾವ ಅಕ್ಷರ ಇದೆ ಎಂಬುದು) ಮೊದಲು, ಮೀಥೈಲೇಶನ್ ಆಮೇಲೆ. ಸ್ನಾಯುವಿನ ನಾರಿನ ಸಂಖ್ಯೆಯ ಕಾರಣ ಹುಡುಕುವವರು ಬೆಳೆದ ಹಂದಿಯನ್ನು ಕೊಯ್ದು ಪ್ರಯೋಜನವಿಲ್ಲ. ಗರ್ಭದ 90ನೇ ದಿನದ ಹೊತ್ತಿಗೇ ಆ ಸಂಖ್ಯೆ ಬಹುಮಟ್ಟಿಗೆ ನಿಂತಿರುತ್ತದೆ.

ಪಕ್ಕದಲ್ಲಿ ಇನ್ನೊಂದು ಪ್ರಯೋಗವೂ ನಡೆದಿದೆ: ತಳ ಸೇರಿದ ಕೋಶಗಳನ್ನು ಬೆಳೆಸಿ 5-ಅಜ಼ಾಸೈಟಿಡಿನ್ (ಮೀಥೈಲ್ ಗುರುತು ಅಳಿಸುವ ರಾಸಾಯನಿಕ) ಕೊಡುವುದು. ಮೊದಲ ಎರಡು ಸಲ ಏನೂ ಆಗಲಿಲ್ಲ. ನೀರಿನಲ್ಲಿ ಕರಗಿಸಿಟ್ಟರೆ ಅದು ಗಂಟೆಗಳಲ್ಲೇ ಕೆಡುತ್ತದೆ. ಜೊತೆಗೆ, ತಟ್ಟೆ ತುಂಬಿ ವಿಭಜನೆ ನಿಲ್ಲಿಸಿದ ಕೋಶದ ಡಿಎನ್‌ಎಗೆ ಅದು ಸೇರುವುದೇ ಇಲ್ಲ. ಈಗ ತಟ್ಟೆ ಅರ್ಧ ತುಂಬಿದಾಗ, ಆಗಷ್ಟೇ ಕರಗಿಸಿ, ದಿನವೂ ಬದಲಿಸುತ್ತಿದ್ದೇನೆ. 10 ಮೈಕ್ರೊಮೋಲಾರ್ ಕೊಟ್ಟ ತಟ್ಟೆ ಸತ್ತಿದೆ, 2 ಕೊಟ್ಟದ್ದು ಬದುಕಿದೆ.