ಪುಣೆಯಲ್ಲಿ ನಿಂತ ಹಳೇ ಗಾಡಿಯನ್ನು ಹುಬ್ಬಳ್ಳಿಗೆ ತರುವುದು ಹೇಗೆ?

ನಮ್ಮ ಕಡೆ ಎಷ್ಟೋ ಮನೆಗಳಿಂದ ಒಬ್ಬರಾದರೂ ಪುಣೆಯಲ್ಲಿ ಕೆಲಸಕ್ಕಿರುತ್ತಾರೆ. ಅವರು ಹೊಸ ಕಾರು ಕೊಂಡಾಗ ಹಳೆಯದನ್ನು ಊರಲ್ಲಿರುವ ತಮ್ಮನಿಗೋ ಅಳಿಯನಿಗೋ ಕೊಡುತ್ತಾರೆ. ‘ಸುಮ್ನೆ ನಿಂತಿದೆ, ಬಂದು ಹೊಡ್ಕೊಂಡು ಹೋಗು’ ಅನ್ನುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿ. ಆ ಗಾಡಿಯ ಆರ್‌ಸಿ ಅವಧಿ ಮುಗಿದು ಎರಡು ವರ್ಷ ಆಗಿರುತ್ತದೆ. ವಿಮೆ ಯಾವತ್ತೋ ನಿಂತಿರುತ್ತದೆ. ರಾತ್ರಿ ಹೊರಟರೆ ಬೆಳಗಾಗುವುದರೊಳಗೆ ಕೊಗನೊಳ್ಳಿ ದಾಟಿ ಕರ್ನಾಟಕದೊಳಗೆ ಬಂದುಬಿಡಬಹುದು, ಯಾರು ಹಿಡಿಯುತ್ತಾರೆ ಅನ್ನುವ ಧೈರ್ಯ.

ಮನೆಯವರಿಗಾಗಿ ನಾನೇ ಓಡಾಡಿ ಮೂರು ಗಾಡಿ ತರಿಸಿದ್ದೇನೆ. ಗುರುತಿನವರು ಹೀಗೆ ತರಲು ಹೋಗಿ ಕೈಸುಟ್ಟುಕೊಂಡಿದ್ದನ್ನು ಅದಕ್ಕಿಂತ ಜಾಸ್ತಿ ನೋಡಿದ್ದೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನೋಂದಣಿ ಜೀವಂತ ಇಲ್ಲದ ಗಾಡಿಯನ್ನು ಓಡಿಸಿಕೊಂಡು ಬರಬೇಡಿ. ಲಾರಿ ಮೇಲೆ ತನ್ನಿ. ಅದನ್ನೂ ಕಾಗದ ಕೈಗೆ ಬಂದ ಮೇಲೆ ಮಾಡಿ.

ದಂಡ ಕಟ್ಟಿದರಾಯ್ತು ಅನ್ನುವವರಿದ್ದಾರೆ. ನೋಂದಣಿ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 2,000ದಿಂದ 5,000 ರೂಪಾಯಿ ದಂಡ. ವಿಮೆ ಇಲ್ಲದ್ದಕ್ಕೆ ಇನ್ನೂ 2,000. ಇಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ವಿಮೆ ಮಾಡಿಸಿದ್ದೂ ಪ್ರಯೋಜನಕ್ಕೆ ಬಾರದೆ ಹೋಗುತ್ತದೆ ಅನ್ನುವುದು ನಿಜವಾದ ಭಯ. ರಾಜಸ್ಥಾನದ ಒಬ್ಬರು ಪಂಜಾಬಿನಲ್ಲಿ ಬೊಲೆರೊ ಕೊಂಡರು. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದ ಮೇಲೂ ಅದನ್ನು ಜೋಧಪುರಕ್ಕೆ ಒಯ್ದರು. ತಂಗಿದ್ದ ಗೆಸ್ಟ್ ಹೌಸಿನ ಎದುರಿನಿಂದ ಗಾಡಿ ಕಳುವಾಯಿತು. ವಿಮೆ ಕಂಪನಿ ಹಣ ಕೊಡಬೇಕಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗೆ ತಂದದ್ದೇ ವಿಮೆಯ ಕರಾರು ಮುರಿದಂತೆ ಎಂಬುದು ಅದರ ಸಾರ. ಆ ಗಾಡಿಗೆ ವಿಮೆ ಇತ್ತು ಅನ್ನುವುದನ್ನು ನೆನಪಿಡಿ.

ಹೆಜ್ಜೆ 1: ಕಾಗದ ಯಾವ ಸ್ಥಿತಿಯಲ್ಲಿದೆ ನೋಡಿ

ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿದಿದೆ ಅಂತ ತೋರಿಸಿದರೆ ದಾರಿ ಇದೆ. ನೋಂದಣಿಯೇ ರದ್ದಾಗಿದೆ, ಗುಜರಿಗೆ ಹೋಗಿದೆ ಅಂತ ತೋರಿಸಿದರೆ ಬಿಡಿ ಭಾಗಕ್ಕೆ ಮಾತ್ರ ಕೊಳ್ಳಿ. ‘ನಮ್ಮ ಏಜೆಂಟ್ ಎಲ್ಲ ಮಾಡಿಕೊಡ್ತಾನೆ’ ಅನ್ನುವ ಮಾತಿಗೆ ಮರುಳಾಗಬೇಡಿ.

ಸೇನೆಯ ಹರಾಜಿನ ಜಿಪ್ಸಿ, ಬುಲೆಟ್‌ಗಳ ಕಥೆ ಬೇರೆ. ಸೇನೆಯ ನಂಬರ್ ಬಿಟ್ಟರೆ ಆರ್‌ಟಿಒ ನೋಂದಣಿ ಅವಕ್ಕೆ ಇರುವುದೇ ಇಲ್ಲ. ಸೇನೆಯ ಅಧಿಕಾರಿಗಳೇ ಕೊಡುವ ಫಾರಂ 21ರ ಅಸಲಿ ಮಾರಾಟ ಪತ್ರ ಇಲ್ಲದಿದ್ದರೆ ಇಲ್ಲಿ ನೋಂದಣಿ ಆಗುವುದಿಲ್ಲ. ಹರಾಜಿನಲ್ಲಿ ಕೊಂಡವರಿಂದ ಮೂರನೇ ಕೈಗೆ ಬಂದು, ಬರೀ ಝೆರಾಕ್ಸ್ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಹೆಜ್ಜೆ 2: ನವೀಕರಣ ಅಲ್ಲೇ ಮಾಡಿಸಿ

ಗಾಡಿ ಯಾವ ಊರಲ್ಲಿದೆಯೋ ಆ ಊರಿನ ಆರ್‌ಟಿಒದಲ್ಲೇ ಫಾರಂ 25 ಕೊಟ್ಟು ನವೀಕರಣ ಮಾಡಿಸಿ. ಊರಿಗೆ ತಂದಮೇಲೆ ನೋಡೋಣ ಅನ್ನಬೇಡಿ. ಎರಡು ಕಚೇರಿಗಳ ನಡುವೆ ಸಿಕ್ಕಿಕೊಂಡ ಗಾಡಿ ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಲ್ಲುತ್ತದೆ. ಮೊದಲು ವಿಮೆ, ಆಮೇಲೆ ಹೊಗೆ ತಪಾಸಣೆ, ಆಮೇಲೆ ಇನ್‌ಸ್ಪೆಕ್ಟರ್ ಮುಂದೆ ಗಾಡಿ. ಅಲ್ಲಿಗೂ ಟೋಯಿಂಗ್ ಗಾಡಿಯ ಮೇಲೆಯೇ ಒಯ್ಯಿರಿ.

ಕೇಂದ್ರದ ದರ ಕಾರಿಗೆ 5,000, ಬೈಕಿಗೆ 1,000 ರೂಪಾಯಿ. 20 ವರ್ಷ ದಾಟಿದ್ದರೆ 10,000 ಮತ್ತು 2,000. ತಡವಾದ ಪ್ರತಿ ತಿಂಗಳಿಗೆ ಕಾರಿಗೆ 500, ಬೈಕಿಗೆ 300 ಸೇರುತ್ತದೆ. ಎರಡು ವರ್ಷ ಮಲಗಿದ ಕಾರಿಗೆ ತಡದ ಶುಲ್ಕವೇ 12,000 ರೂಪಾಯಿ. ಕೊಳ್ಳುವ ಬೆಲೆ ಮಾತಾಡುವಾಗಲೇ ಇದನ್ನು ಕಳೆಯಿರಿ.

ಹೆಜ್ಜೆ 3: ಎನ್‌ಒಸಿ

ಜನ ಎಡವುವುದು ಇಲ್ಲಿ. ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ.

ಗಾಡಿಯನ್ನು ಬೇರೆ ರಾಜ್ಯದಲ್ಲಿ ನೋಂದಾಯಿಸಲು ಮೂಲ ಆರ್‌ಟಿಒದ ಒಪ್ಪಿಗೆ ಬೇಕು. ಅದೇ ಎನ್‌ಒಸಿ, ಫಾರಂ 28. ಬ್ಯಾಂಕಿನವರು ಸಾಲ ತೀರಿದ ಮೇಲೆ ಕೊಡುವುದೂ ಎನ್‌ಒಸಿಯೇ. ಇವೆರಡನ್ನೂ ಒಂದೇ ಅಂದುಕೊಂಡವರು ಬಹಳ ಜನ. ಬ್ಯಾಂಕಿನ ಕಾಗದ ಮತ್ತು ಫಾರಂ 35 ಕೊಟ್ಟು ಮೊದಲು ಆರ್‌ಸಿಯಿಂದ ಸಾಲದ ನಮೂದು ತೆಗೆಸಬೇಕು. ಸಾಲ ತೀರಿ ಹತ್ತು ವರ್ಷ ಆಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಆಮೇಲೆ ಇ–ಚಲನ್. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮೆರಾ ತೆಗೆದ ಫೋಟೊಗಳ ದಂಡ ಮಾಲೀಕರಿಗೂ ಗೊತ್ತಿರುವುದಿಲ್ಲ. ಎಲ್ಲ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಬಾಕಿ ಸೊನ್ನೆ ಅಂತ ತೋರಿಸುವವರೆಗೆ ಕಾಯ್ದು ಅರ್ಜಿ ಹಾಕಿ. ಎನ್‌ಒಸಿ ಕೊಡುವ ಮುಂಚೆ ಗಾಡಿ ಕಳುವಿನದಲ್ಲ ಅಂತ ಪೊಲೀಸರ ವರದಿ ನೋಡಬೇಕು, ತೆರಿಗೆ ಬಾಕಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು ಎಂದು ಕಾಯ್ದೆಯ 48ನೇ ಸೆಕ್ಷನ್‌ನಲ್ಲೇ ಇದೆ. ಅರ್ಜಿ ಕೊಟ್ಟ 30 ದಿನದೊಳಗೆ ಕೊಡುತ್ತೇವೆ ಅಥವಾ ಕೊಡುವುದಿಲ್ಲ ಎಂದು ತಿಳಿಸಬೇಕು, ತಿಳಿಸದಿದ್ದರೆ ಕೊಟ್ಟಂತೆಯೇ ಲೆಕ್ಕ ಎಂದೂ ಅಲ್ಲೇ ಇದೆ. ಆದ್ದರಿಂದ ಅರ್ಜಿಯ ಸ್ವೀಕೃತಿಯನ್ನು ಜೋಪಾನ ಮಾಡಿ. ದಿನ ಎಣಿಸಲು ಅದೊಂದೇ ಆಧಾರ.

ಈಗ ಊರಿನ ಹೆಸರು. ಗಾಡಿ ಯಾವ ಆರ್‌ಟಿಒಗೆ ಹೋಗುತ್ತದೆ ಅಂತ ಎನ್‌ಒಸಿಯಲ್ಲಿ ನಮೂದಾಗುತ್ತದೆ. ಹುಬ್ಬಳ್ಳಿಯವರು ಜಿಲ್ಲೆ ಧಾರವಾಡ ಅಲ್ವಾ ಅಂತ ಕೆಎ–25 ಆರಿಸಿಬಿಡುತ್ತಾರೆ. ಹುಬ್ಬಳ್ಳಿಗೆ ಕೆಎ–63 ಇದೆ. ಚಿಕ್ಕೋಡಿಯವರು ಬೆಳಗಾವಿಯ ಕೆಎ–22 ಬರೆಸುತ್ತಾರೆ, ಅವರದು ಕೆಎ–23. ಬೆಂಗಳೂರಿನವರಂತೂ ‘ಬೆಂಗಳೂರು’ ಅಂದರೆ ಸಾಕು ಅಂದುಕೊಳ್ಳುತ್ತಾರೆ. ಅಲ್ಲಿ ಕೋರಮಂಗಲ, ರಾಜಾಜಿನಗರ, ಇಂದಿರಾನಗರ, ಯಶವಂತಪುರ, ಜಯನಗರ ಎಲ್ಲವೂ ಬೇರೆ ಬೇರೆ ಕಚೇರಿ. ನಿಮ್ಮ ವಿಳಾಸ ಯಾವ ಕಚೇರಿಗೆ ಸೇರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ತಪ್ಪಾದರೆ ತಿದ್ದಿಸಲು ಮತ್ತೆ ಪುಣೆಗೇ ಹೋಗಬೇಕು.

ಕೊನೆಗೆ ಚಾಸಿ ಪ್ರಿಂಟ್. ಗಾಡಿಯ ಕಬ್ಬಿಣದ ಮೇಲೆ ಕೊರೆದ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್‌ನಿಂದ ತಿಕ್ಕಿ ತೆಗೆಯುವ ಅಚ್ಚು ಅದು. ಅರ್ಜಿಗೆ ಅಂಟಿಸಬೇಕು. ಸಣ್ಣ ಕೆಲಸ ಅನ್ನಿಸುತ್ತದೆ. ನಮ್ಮ ಭಾವನ ಬೈಕಿನ ಎನ್‌ಒಸಿ ನಿಂತದ್ದು ಇದರಿಂದಲೇ. ಏಜೆಂಟ್ ಹುಡುಗ ಅವಸರದಲ್ಲಿ ತಿಕ್ಕಿದ್ದ. ಒಂದು 8 ಅರ್ಧ ಮಾತ್ರ ಮೂಡಿ 3ರಂತೆ ಕಾಣುತ್ತಿತ್ತು. ಕಚೇರಿಯವರು ಅರ್ಜಿ ವಾಪಸ್ ಕೊಟ್ಟರು. ಅಷ್ಟರಲ್ಲಿ ನಾವು ಬೈಕನ್ನು ಲಾರಿಗೆ ಹಾಕಿ ಕಳಿಸಿಯೂ ಆಗಿತ್ತು. ಭಾವ ಪುಣೆಯಲ್ಲಿ, ಬೈಕು ಹುಬ್ಬಳ್ಳಿಯ ಗೋಡೌನಿನಲ್ಲಿ. ನಾನೇ ಹೋಗಿ ಅಚ್ಚು ತೆಗೆದು ಕೊರಿಯರ್ ಮಾಡಿದೆ. ಮೂರು ವಾರ ಹೋಯಿತು. ಎನ್‌ಒಸಿ ಕೈಗೆ ಬರುವವರೆಗೆ ಗಾಡಿ ಕದಲಿಸಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಸರಿಯಾಗಿ ತೆಗೆಯುವುದು ಹೀಗೆ. ಬಹಳಷ್ಟು ಬೈಕುಗಳಲ್ಲಿ ನಂಬರ್ ಹ್ಯಾಂಡಲ್‌ನ ಕೆಳಗೆ, ಕುತ್ತಿಗೆಯ ದಪ್ಪ ಕೊಳವೆಯ ಪಕ್ಕದಲ್ಲಿರುತ್ತದೆ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಬಲಗಡೆ ಜಾಗ ಸಿಗುತ್ತದೆ. ಕಾರಾದರೆ ಬಾನೆಟ್ ಎತ್ತಿ ಎಂಜಿನ್ ಹಿಂದಿನ ಗೋಡೆ ನೋಡಿ. ಕೆಲವದರಲ್ಲಿ ಮುಂದಿನ ಸೀಟಿನ ಕೆಳಗೂ ಇರುತ್ತದೆ. ಎಣ್ಣೆ, ಧೂಳು ಕಟ್ಟಿರುತ್ತದೆ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಬಟ್ಟೆ ಅದ್ದಿ ಒರೆಸಿ, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಗೀರುಗಳೊಳಗಿನ ಕೊಳೆ ತೆಗೆಯಿರಿ. ಒಣಬಟ್ಟೆಯಿಂದ ಮತ್ತೆ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ. ಅಂಕಿಯ ಅಂಚು ಸವೆದರೆ ನಂಬರ್ ತಿದ್ದಿದ್ದಾರೆ ಅಂತ ಇನ್‌ಸ್ಪೆಕ್ಟರ್‌ಗೆ ಅನುಮಾನ ಬರುತ್ತದೆ. ಆಮೇಲೆ ಆ ಅನುಮಾನ ತೊಡೆಯುವುದು ಬಹಳ ಕಷ್ಟ.

ತೆಳುವಾದ ಬಿಳಿ ಕಾಗದ ಇಟ್ಟು ಎರಡೂ ಬದಿಗೆ ಟೇಪ್ ಹಚ್ಚಿ. ಕಾಗದ ಒಂದು ಎಳೆ ಸರಿದರೂ ಅಂಕಿ ಜೋಡಿಯಾಗಿ ಮೂಡುತ್ತದೆ. ಮೆತ್ತನೆಯ 2ಬಿ ಪೆನ್ಸಿಲ್ಲನ್ನು ಮಲಗಿಸಿ ಹಿಡಿದು ಒಂದೇ ದಿಕ್ಕಿನಲ್ಲಿ ಹಗುರವಾಗಿ ತಿಕ್ಕಿ. ಮೊನೆಯಿಂದ ಒತ್ತಿದರೆ ಕಾಗದ ಹರಿಯುತ್ತದೆ. ಮೂಡಿದ್ದನ್ನು ಆರ್‌ಸಿಯ ಪಕ್ಕ ಇಟ್ಟು ಒಂದೊಂದೇ ಅಕ್ಷರ ಜೋರಾಗಿ ಓದಿ. 17 ಅಕ್ಷರ–ಅಂಕಿಗಳ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಗುಂಡಗೆ ಕಂಡದ್ದು ಸೊನ್ನೆ, ನೆಟ್ಟಗೆ ಕಂಡದ್ದು ಒಂದು. ಆರ್‌ಸಿಯಲ್ಲೇ ‘ಓ’ ಅಂತ ಅಚ್ಚಾಗಿದ್ದರೆ ಈಗಲೇ ತಿದ್ದಿಸಿ. ಇಂಥ ಅಚ್ಚು ಆರು ತೆಗೆದಿಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲೂ ಕೇಳುತ್ತಾರೆ.

ಗಾಡಿ ಬೇರೆಯವರ ಹೆಸರಿಗೆ ಹೋಗುವುದಿದ್ದರೆ ಫಾರಂ 29, 30ಕ್ಕೆ ಪುಣೆಯಲ್ಲೇ ಸಹಿ ಹಾಕಿಸಿ, ತಾರೀಖು ಸಮೇತ. ಖಾಲಿ ಫಾರಂಗೆ ಸಹಿ ಬೇಡವೇ ಬೇಡ, ಸ್ವಂತ ಅಣ್ಣತಮ್ಮಂದಿರ ನಡುವೆಯೂ ಬೇಡ. ಕೊಟ್ಟವರ ಹೆಸರು ಆರ್‌ಸಿಯಲ್ಲಿ ಇರುವವರೆಗೆ ಅಪಘಾತದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಳ್ಳುವವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು.

ಹೆಜ್ಜೆ 4: ಲಾರಿಗೆ ಏರಿಸುವುದು

ನವೀಕರಣ, ವಿಮೆ, ಎನ್‌ಒಸಿ ಮೂರೂ ಕೈಯಲ್ಲಿದ್ದರೆ ಕಾನೂನಿನ ಪ್ರಕಾರ ಓಡಿಸಿಕೊಂಡೂ ಬರಬಹುದು. ಆದರೂ ಎರಡು ವರ್ಷ ನಿಂತ ಟೈರು, ಬ್ರೇಕು ನಂಬಿ ಖಂಬಾಟ್ಕಿ ಘಾಟಿ ಇಳಿಯಬೇಡಿ ಅನ್ನುತ್ತೇನೆ. ನವೀಕರಣ ಆಗಿಲ್ಲದಿದ್ದರಂತೂ ಲಾರಿಯೇ ಗತಿ. ಹಗ್ಗ ಕಟ್ಟಿ ಎಳೆಸಿದರೆ ಚಕ್ರ ರಸ್ತೆಯ ಮೇಲೇ ಇರುತ್ತದೆ, ಅದು ಪರಿಹಾರ ಅಲ್ಲ.

ಸಾಗಣೆಯವರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ‘ಲಾರಿ ಮೇಲೆ ತರ್ತೀರೋ, ಡ್ರೈವರ್ ಕೂರಿಸಿ ಓಡಿಸ್ಕೊಂಡು ಬರ್ತೀರೋ?’ ಅಗ್ಗದ ದರ ಹೇಳುವ ಕೆಲವರು ಮಾಡುವುದು ಎರಡನೆಯದನ್ನೇ. ‘ಲಾರಿಯ ಮೇಲೆ ಸಾಗಣೆ’ ಅಂತ ಎಲ್‌ಆರ್‌ನಲ್ಲಿ, ಅಂದರೆ ಸಾಗಣೆಯವರು ಕೊಡುವ ಲಾರಿ ರಸೀದಿಯಲ್ಲಿ, ಬರೆಸಿ. ಮೀಟರ್ ಓದುವಿಕೆಯ ಫೋಟೊ ತೆಗೆಯಿರಿ. ನಾಲ್ಕೂ ಬದಿ, ಗಾಜು, ಸ್ಟೆಪ್ನಿ ಎಲ್ಲದರ ಫೋಟೊ ಇರಲಿ. ಬ್ಯಾಟರಿ ತಂತಿ ಬಿಚ್ಚಿಸಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಬಳಸಿದ ಸ್ವಂತ ಸಾಮಾನಿಗೆ ಇ–ವೇ ಬಿಲ್ (ಸರಕು ಸಾಗಿಸುವಾಗ ಜೊತೆಗಿರಬೇಕಾದ ಚೀಟಿ) ಬೇಡ ಅಂತ ಜಿಎಸ್‌ಟಿ ನಿಯಮದಲ್ಲಿದೆ. ಆದರೂ ಆರ್‌ಸಿ, ಎನ್‌ಒಸಿ, ವಿಮೆಯ ನಕಲನ್ನು ಲಾರಿ ಚಾಲಕರ ಕೈಗೆ ಕೊಟ್ಟಿರಿ. ಅಸಲು ನಿಮ್ಮ ಹತ್ತಿರವೇ ಇರಲಿ.

ಬೈಕಿಗೆ ನನ್ನ ಆಯ್ಕೆ ರೈಲು. ಪಾರ್ಸೆಲ್ ಕಚೇರಿಗೆ ಆರ್‌ಸಿ, ಗುರುತಿನ ಚೀಟಿಯ ನಕಲು ಒಯ್ಯಿರಿ. ಟ್ಯಾಂಕಿನ ಪೆಟ್ರೋಲು ಕೊನೆಯ ಹನಿಯವರೆಗೆ ಖಾಲಿ ಮಾಡಿ. ಹೆಡ್‌ಲೈಟು, ಟ್ಯಾಂಕಿಗೆ ಗೋಣಿ ಸುತ್ತಿಸಿ.

ಹೆಜ್ಜೆ 5: ಹುಬ್ಬಳ್ಳಿಗೆ ಬಂದ ಮೇಲೆ

ಹೊಸ ನಂಬರಿಗೆ ಫಾರಂ 27, ವಿಳಾಸಕ್ಕೆ 33, ಜೊತೆಗೆ ಎನ್‌ಒಸಿ. ಗಾಡಿ ತಪಾಸಣೆ, ತೆರಿಗೆ, ಹೊಸ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ) ನಂಬರ್ ಪ್ಲೇಟು, ಅಷ್ಟೇ.

ತೆರಿಗೆಯ ಬಗ್ಗೆ ಎರಡು ಮಾತು. ಹೊರ ರಾಜ್ಯದ ಗಾಡಿ 30 ದಿನಕ್ಕಿಂತ ಜಾಸ್ತಿ ಇಲ್ಲಿದ್ದರೆ ಜೀವಿತಾವಧಿ ತೆರಿಗೆ ಕಟ್ಟಬೇಕು ಅಂತ 2014ರಲ್ಲಿ ಕರ್ನಾಟಕ ತಿದ್ದುಪಡಿ ತಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೇಂದ್ರ ಕಾಯ್ದೆಯ 12 ತಿಂಗಳ ಅವಧಿಯೇ ಲೆಕ್ಕಕ್ಕೆ. ಹಾಗಂತ ಕೊನೇ ತಿಂಗಳವರೆಗೆ ಕಾಯಬೇಡಿ. ಗಾಡಿ ಇಲ್ಲಿಗೆ ಬಂದ ದಿನದ ದಾಖಲೆಯಾಗಿ ಎಲ್‌ಆರ್ ಇಟ್ಟುಕೊಳ್ಳಿ.

ಇನ್ನೊಂದು, ತೆರಿಗೆ ಹಾಕುವುದು ನೀವು ಕೊಟ್ಟ ಹಣದ ಮೇಲಲ್ಲ, ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಗಾಡಿಯ ವಯಸ್ಸು ಹೆಚ್ಚಿದಂತೆ ಅದರಲ್ಲಿ ಕಡಿತ ಸಿಗುತ್ತದೆ. ಹತ್ತು ವರ್ಷ ದಾಟಿದ ಡೀಸೆಲ್ ಕಾರು ದೆಹಲಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಹಾರುವವರು ಇದನ್ನು ಮರೆಯುತ್ತಾರೆ. ದುಬಾರಿ ಕಾರಿಗೆ ಹೊಸದರಲ್ಲಿ ಶೇ 18ರವರೆಗೆ ತೆರಿಗೆ ಇದೆ, ಮೇಲೆ ಸೆಸ್. ಕಡಿತ ಕಳೆದರೂ ಉಳಿಯುವುದು ಸಣ್ಣ ಮೊತ್ತ ಅಲ್ಲ. ಅಸಲಿ ಇನ್‌ವಾಯ್ಸ್ ಸಿಕ್ಕರೆ ಮಾಲೀಕರಿಂದ ತಪ್ಪದೆ ಕೇಳಿ ಪಡೆಯಿರಿ.

15 ವರ್ಷ ತುಂಬದ ಗಾಡಿಯಾದರೆ ಮಹಾರಾಷ್ಟ್ರದಲ್ಲಿ ಕಟ್ಟಿದ ಒಂದೇ ಸಲದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲು ವಾಪಸ್ ಕೇಳಬಹುದು. ಅದಕ್ಕೆ ಹೊಸ ಕರ್ನಾಟಕದ ಆರ್‌ಸಿ, ಇಲ್ಲಿನ ತೆರಿಗೆ ರಸೀದಿ, ಹಳೇ ಎನ್‌ಒಸಿಯ ನಕಲು ಬೇಕು. ಅಸಲಿ ಎನ್‌ಒಸಿ ಹುಬ್ಬಳ್ಳಿ ಕಚೇರಿಯ ಫೈಲಿಗೆ ಹೋದರೆ ಮತ್ತೆ ಕೈಗೆ ಬರುವುದಿಲ್ಲ. ಕೌಂಟರಿಗೆ ಕೊಡುವ ಮುಂಚೆ ಎರಡು ಝೆರಾಕ್ಸ್ ತೆಗೆಸಿಟ್ಟುಕೊಳ್ಳಿ.