ಹೆಂಚಿನ ಮಾಡಿನಂಥ ಡಿಸ್ಕ್

ಅಪ್ಪ ತೆಗೆದ ಫೋಟೊಗಳನ್ನೆಲ್ಲ ಇಡಲು ಮನೆಯಲ್ಲೊಂದು ಸಣ್ಣ ಸರ್ವರ್ ಮಾಡಿಕೊಂಡಿದ್ದೆ. ಕಚೇರಿಯೊಂದು ಮಾರಿದ ಹಳೆಯ ಡೆಸ್ಕ್‌ಟಾಪ್, ಎರಡು ಡಿಸ್ಕ್; ಎರಡರಲ್ಲೂ ಒಂದೇ ಪ್ರತಿ ಇರುವಂತೆ ‘ರೇಡ್’ ಎಂಬ ಜೋಡಣೆ. ಒಂದು ಕೆಟ್ಟಿತು. ಅಗ್ಗವೆಂದು ತಂದ ಹೊಸ ಡಿಸ್ಕ್ ಹಾಕಿದರೆ ನಕಲು ಅರ್ಧ ಗಂಟೆ ಓಡಿ ಆಮೇಲೆ ಎತ್ತಿನ ಗಾಡಿಯಾಯಿತು. ಮೂರು ದಿನವಾದರೂ ಮುಗಿಯಲಿಲ್ಲ. ಕೇಬಲ್ ಬದಲಿಸಿದೆ, ಸುಮ್ಮನೆ ರ‍್ಯಾಮನ್ನೂ ಬೈದೆ.

ಡಿಸ್ಕಿನ ಮಾದರಿ ಸಂಖ್ಯೆ ಹುಡುಕಿದಾಗ ಗುಟ್ಟು ಬಯಲಾಯಿತು: ಅದು ಎಸ್‌ಎಂಆರ್ ಎಂಬ ಬಗೆಯದು. ಅದರಲ್ಲಿ ದತ್ತಾಂಶದ ಸಾಲುಗಳು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಚಾಚಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಎತ್ತಿ ಮತ್ತೆ ಹೊದಿಸಬೇಕು. ಒಮ್ಮೆ ಬರೆದಿಟ್ಟು ಓದುವುದಕ್ಕೆ ಅಡ್ಡಿಯಿಲ್ಲ, ರೇಡ್‌ಗೆ ಹೇಳಿ ಮಾಡಿಸಿದ್ದಲ್ಲ.

ಶನಿವಾರ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ, ಸಾಲುಗಳು ಹೀಗೆ ಒಂದರ ಮೇಲೊಂದು ಚಾಚದ ಸಿಎಂಆರ್ ಡಿಸ್ಕ್ ಕೇಳಿದೆ. “ಎಲ್ಲ ಒಂದೇ ಸರ್” ಎಂದರು ಅಂಗಡಿಯವರು. ಯಾವ ಮಾದರಿ ಯಾವ ಬಗೆಯದೆಂದು ತಯಾರಕರೇ ಕೊಟ್ಟ ಪಟ್ಟಿಯನ್ನು ಮೊಬೈಲ್‌ನಲ್ಲಿ ತೋರಿಸಿದ ಮೇಲೆ ಒಳಗಿನಿಂದ ಬೇರೆ ಪೆಟ್ಟಿಗೆ ಬಂತು. 4 ಟಿಬಿ. ರಾತ್ರಿ ಒಂಬತ್ತಕ್ಕೆ ನಕಲು ಹಚ್ಚಿದೆ, ಬೆಳಗಿನ ಕಾಫಿಯ ಹೊತ್ತಿಗೆ ಮುಗಿದಿತ್ತು.

ಜೊತೆಗೊಂದು ಯುಪಿಎಸ್ ಕೂಡ ತಂದೆ. ನಾಲ್ಕು ಹನಿ ಬಿದ್ದರೆ ಕರೆಂಟ್ ಹೋಗುವ ಬಡಾವಣೆ ನಮ್ಮದು. ಆ ಅಗ್ಗದ ಡಿಸ್ಕ್ ಕಪಾಟಿನಲ್ಲಿದೆ, ತಿಂಗಳಿಗೊಮ್ಮೆ ಬ್ಯಾಕಪ್‌ಗೆ ಹೊರಗೆ ತೆಗೆಯುತ್ತೇನೆ.