ಪಾದಚಾರಿ, ಸೈಕಲ್ ಸಂಚಾರ ಯೋಜಕರಾಗುವುದು ಹೇಗೆ?

ಒಂದು ಕಾಲಕ್ಕೆ ಪುಣೆ ಎಂದರೆ ಸೈಕಲ್‌ಗಳ ಊರು. ಈಗ ಸೈಕಲ್‌ನವರು ಅಂಗೈಯಲ್ಲಿ ಜೀವ ಹಿಡಿದು ಹೋಗುತ್ತಾರೆ. ಇದನ್ನು ಸರಿಪಡಿಸುವುದೂ ಒಂದು ಉದ್ಯೋಗ. ಆದರೆ ಇಲ್ಲಿನ ನಮ್ಮ ಕನ್ನಡದ ಮನೆಗಳಲ್ಲಿ ಕಂಪ್ಯೂಟರ್ ಬಿಟ್ಟು ಬೇರೆ ಮಾತೇ ಬರುವುದಿಲ್ಲ, ಅಲ್ವಾ?

ಕಾಲೇಜು ಆಮೇಲೆ, ಮೊದಲು ರಸ್ತೆಗಿಳಿಯಿರಿ. ಅಳತೆ ಟೇಪು, ನೋಟ್‌ಬುಕ್ ಸಾಕು. ಮನೆ ಹತ್ತಿರದ ಒಂದು ಚೌಕ ಆರಿಸಿ. ಅಂಗಡಿ ಮೆಟ್ಟಿಲು, ಮರ, ಕಂಬ, ನಿಲ್ಲಿಸಿದ ಬೈಕು ಎಲ್ಲ ಕಳೆದರೆ ಫುಟ್‌ಪಾತ್‌ನಲ್ಲಿ ನಡೆಯಲು ಎಷ್ಟು ಜಾಗ ಉಳಿಯುತ್ತದೆ? ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಮಾರ್ಗಸೂಚಿ ಕೇಳುವುದು ಕನಿಷ್ಠ 1.8 ಮೀಟರ್. ಅಷ್ಟಿದ್ದರೆ ಎರಡು ಗಾಲಿಕುರ್ಚಿಗಳು ಎದುರುಬದುರಾದರೂ ದಾಟಬಹುದು. ಎತ್ತರವನ್ನೂ ಅಳೆಯಿರಿ. 150 ಮಿಲಿಮೀಟರ್ ಮೀರಿದರೆ ಮಂಡಿನೋವಿನ ಅಜ್ಜಿ ಹತ್ತುವ ಗೋಜಿಗೇ ಹೋಗದೆ ರಸ್ತೆಯಲ್ಲೇ ನಡೆಯುತ್ತಾರೆ. ಬೆಳಿಗ್ಗೆ, ಸಂಜೆ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರೆಯಿರಿ: ಮಕ್ಕಳೆಷ್ಟು, ಹೆಂಗಸರೆಷ್ಟು, ಸೈಕಲ್ ಎಷ್ಟು, ಎಲ್ಲಿ ದಾಟುತ್ತಾರೆ. ತರಕಾರಿ ಮಾರುವವರನ್ನು ಮಾತಾಡಿಸಿ. ದಿನವಿಡೀ ಅಲ್ಲೇ ಇರುವ ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿರುವುದಿಲ್ಲ. ಆಮೇಲೆ ಜಂಗ್ಲಿ ಮಹಾರಾಜ ರಸ್ತೆಗೆ ಹೋಗಿ, ಅಗಲ ಮಾಡಿದ ಫುಟ್‌ಪಾತ್ ಮೇಲೆ ನಡೆದು ಹೋಲಿಸಿ.

ಓದಿನ ದಾರಿ ಎರಡು. ಪಿಯುಸಿಯಲ್ಲಿ ಗಣಿತ ಓದಿ, ಜೆಇಇ ಮೇನ್‌ನ ಪ್ಲಾನಿಂಗ್ ಪತ್ರಿಕೆ ಬರೆದು ಯೋಜನಾ ಪದವಿಯಾದ ಬಿ.ಪ್ಲಾನ್ ಸೇರಬಹುದು. ಇಲ್ಲವೇ ಸಿವಿಲ್ ಅಥವಾ ಆರ್ಕಿಟೆಕ್ಚರ್ ಮುಗಿಸಿ, ಗೇಟ್ ಪ್ರವೇಶ ಪರೀಕ್ಷೆ ಬರೆದು, ದೆಹಲಿಯ ಎಸ್‌ಪಿಎಯಲ್ಲಿ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಸಾರಿಗೆ ಯೋಜನೆಯ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಬಹುದು. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಉಚಿತ, ಈಗಲೇ ಕಲಿಯಿರಿ.

ಪುಣೆ ಪಾಲಿಕೆಯ 2016ರ ರಸ್ತೆ ವಿನ್ಯಾಸ ಮಾರ್ಗಸೂಚಿ, 2017ರಲ್ಲಿ ಒಪ್ಪಿಗೆ ಪಡೆದ ಸೈಕಲ್ ಯೋಜನೆ ಎರಡನ್ನೂ ಸುಮ್ನೆ ಓದಬೇಡಿ. ಕೈಯಲ್ಲಿ ಹಿಡಿದು ರಸ್ತೆ ಸುತ್ತಿ. ಕಾಗದದ ಮೇಲಿನ ಟ್ರ್ಯಾಕ್ ಬಸ್ ಸ್ಟಾಪ್ ಬಳಿ ಏನಾಗುತ್ತದೆ, ಅಲ್ಲಿ ಯಾರು ಗಾಡಿ ನಿಲ್ಲಿಸುತ್ತಾರೆ ನೋಡಿ. ಯೋಜನೆ ಸೋಲುವುದು ಹೆಚ್ಚಾಗಿ ಇಂಥ ಜಾಗಗಳಲ್ಲೇ.

ಕೆಲಸ ಸಲಹಾ ಕಂಪನಿಗಳಲ್ಲಿ, ಪಾಲಿಕೆಯ ಯೋಜನೆಗಳಲ್ಲಿ, ನಗರ ಸಾರಿಗೆಯ ಬಗ್ಗೆ ಕೆಲಸ ಮಾಡುವ ಐಟಿಡಿಪಿ, ಪರಿಸರ್‌ನಂಥ ಸ್ವಯಂಸೇವಾ ಸಂಸ್ಥೆಗಳಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡಿ ಬೆಳೆದವರಿಗೆ ಎರಡೂ ಕಡೆ ಅನುಕೂಲ ಜಾಸ್ತಿ. ಇಲ್ಲಿ ಅರ್ಧ ಕೆಲಸ ಅಂಗಡಿಯವರನ್ನು, ನಿವಾಸಿಗಳನ್ನು ಒಪ್ಪಿಸುವುದೇ.

ಇಂಟರ್ನ್‌ಶಿಪ್ ಕೇಳುವಾಗ ಅಂಕಪಟ್ಟಿಯ ಜೊತೆ ಆ ಚೌಕದ ನಕ್ಷೆ, ಲೆಕ್ಕ, ನಿಮ್ಮ ಸಲಹೆಗಳನ್ನು ಲಗತ್ತಿಸಿ.